ಸುಣ್ಣದ ಗೆರೆಗೆ ಐದು ಸಾವಿರ – ನನ್ನ ಅನುಭವ

ನಾವು ಕಟ್ಟಿದ ಒಂದು ರೇಷ್ಮೆ ಹುಳುಮನೆಗೆ ಪ್ರಶಸ್ತಿ ಬಂದ ವಾರ ಆಫೀಸಿಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಹುಳ ಸಾಕೋ ಮನೆಗೂ ಪ್ರಶಸ್ತಿ ಕೊಡ್ತಾರಾ?" ಕೊಟ್ಟಿದ್ದಾರೆ. ಫಲಕ ಬಂದಿದೆ, ಇನ್ನೂ ಗೋಡೆಗೆ ಏರಿಲ್ಲ. ಬಾಡಿಗೆ ಕಟ್ಟಡ, ಮೊಳೆ ಹೊಡೆದರೆ ಓನರ್ ಬೈಯುತ್ತಾರೆ. ಆರ್ಕಿಟೆಕ್ಟ್ ಆಫೀಸಿನ ಪರಿಸ್ಥಿತಿ ಇದು.

ಅದಾದ ಮೇಲೆ ನಾಲ್ಕೈದು ಹುಡುಗರು ಫೋನ್ ಮಾಡಿದರು. ಬೆಂಗಳೂರು ಬಿಟ್ಟು ಊರಲ್ಲೇ ಪ್ರಾಕ್ಟೀಸ್ ಮಾಡಬೇಕು, ನೀವು ಚಿಕ್ಕಬಳ್ಳಾಪುರದಲ್ಲಿ ಹೇಗೆ ನಿಂತಿರಿ ಅಂತ. ಒಬ್ಬೊಬ್ಬರಿಗೂ ಅದೇ ಕಥೆ ಹೇಳಿ ಗಂಟಲು ಒಣಗಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಡ್ರಾಯಿಂಗು, ಎಸ್ಟಿಮೇಟು, ಸೆಟ್‌ಬ್ಯಾಕು ನಿಮಗೆ ಗೊತ್ತಿರುವುದೇ, ಅದಕ್ಕೆ ಕೈ ಹಾಕುವುದಿಲ್ಲ. ಲೆಕ್ಕಗಳೆಲ್ಲ ನೆನಪಿನಿಂದ ಬರೆದದ್ದು, ಹೆಚ್ಚುಕಮ್ಮಿ ಇರುತ್ತದೆ.

ನಾವು ಮೂರು ಜನ ಡೈರೆಕ್ಟರುಗಳು. ಹೆಸರು ಬೇಡ ಅಂತ ಉಳಿದಿಬ್ಬರು ಹೇಳಿದ್ದಾರೆ. ಹಿನ್ನೆಲೆ ಮಾತ್ರ ಹೇಳಲೇಬೇಕು, ಯಾಕೆಂದರೆ ನಮ್ಮ ಹತ್ತಿರ ಇದ್ದ ಬಂಡವಾಳ ಅದೊಂದೇ.

ನಾನು ಶಿಡ್ಲಘಟ್ಟದವನು. ಅಪ್ಪನದು ಆರು ಬೇಸಿನ್‌ನ ರೀಲಿಂಗ್ ಘಟಕ, ಅಂದರೆ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಜಾಗ. ಗೂಡು ಬೇಯುವ ವಾಸನೆಗೆ ಎದ್ದು, ಆ ವಾಸನೆ ಬಟ್ಟೆಯಲ್ಲಿ ಇಟ್ಟುಕೊಂಡೇ ಶಾಲೆಗೆ ಹೋಗುತ್ತಿದ್ದೆ. ಗೂಡನ್ನು ಕಿವಿ ಹತ್ತಿರ ಅಲ್ಲಾಡಿಸಿ ಒಳಗಿನ ಹುಳ ಸತ್ತಿದೆಯೋ ಇಲ್ಲವೋ ಹೇಳುವುದು ನನಗೆ ಮಗ್ಗಿಗಿಂತ ಮೊದಲು ಬಂತು. ಆಮೇಲೆ ಐದು ವರ್ಷ ಬಿ.ಆರ್ಕ್, ಆರು ವರ್ಷ ಬೆಂಗಳೂರಿನ ಒಂದು ದೊಡ್ಡ ಆಫೀಸು. ಅಲ್ಲಿ ನಾನು ಮಾಡಿದ್ದು ಟೆಕ್ ಪಾರ್ಕುಗಳ ಟಾಯ್ಲೆಟ್ ಡೀಟೇಲು. ಸಾವಿರಕ್ಕಿಂತ ಜಾಸ್ತಿ ಟಾಯ್ಲೆಟ್ ಬಿಡಿಸಿರಬೇಕು. ಒಂದನ್ನೂ ಕಟ್ಟಿದ ಮೇಲೆ ನೋಡಿಲ್ಲ.

ಎರಡನೆಯವನು ಕಲ್ಲು ಕೆಲಸದವರ ಮಗ. ಅವನ ಅಜ್ಜ ಬಂಡೆ ಮೇಲೆ ಸೌದೆ ಉರಿಸಿ ಚಪ್ಪಡಿ ಏಳಿಸುತ್ತಿದ್ದವರು. ಕಾವಿಗೆ ಬಂಡೆಯ ಮೇಲ್ಪದರ ಬಿಟ್ಟುಕೊಳ್ಳುತ್ತದೆ. ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಎಲ್ಲಿವರೆಗೆ ಎದ್ದಿದೆ ಅಂತ ಸದ್ದೇ ಹೇಳುತ್ತದೆ. ಇವನು ಡಿಪ್ಲೊಮಾ ಸಿವಿಲ್ ಮಾಡಿ ಒಂಬತ್ತು ವರ್ಷ ಸೂಪರ್‌ವೈಸರ್ ಆಗಿದ್ದ. ಆದರೆ ಕಿವಿ ಮಾತ್ರ ಅಜ್ಜನದು. ಲಾರಿಯಿಂದ ಇಳಿದ ಚಪ್ಪಡಿಯನ್ನು ಎರಡು ಸಲ ತಟ್ಟಿ, "ಇದು ವಾಪಸ್ ಹೋಗ್ಲಿ, ಒಳಗೆ ಕೂದಲಿದೆ" ಅನ್ನುತ್ತಾನೆ. ಕೂದಲು ಅಂದರೆ ಕಣ್ಣಿಗೆ ಕಾಣದ ಬಿರುಕು. ಒಂದು ಸಲ ನಾನು ಹಟ ಹಿಡಿದು ಅಂಥದ್ದೊಂದನ್ನು ಇಟ್ಟುಕೊಂಡೆ. ಮೂರನೇ ದಿನ ಎತ್ತುವಾಗ ಎರಡು ಹೋಳಾಯಿತು. ಪುಣ್ಯಕ್ಕೆ ಯಾರ ಕಾಲೂ ಕೆಳಗಿರಲಿಲ್ಲ.

ಮೂರನೆಯವಳು ಚಿಂತಾಮಣಿಯ ಮಂಡಿ ವ್ಯಾಪಾರಿಯ ಮಗಳು. ಸ್ಟ್ರಕ್ಚರಲ್‌ನಲ್ಲಿ ಎಂ.ಟೆಕ್, ಕೆಲವು ವರ್ಷ ಕಾಲೇಜಿನಲ್ಲಿ ಪಾಠ. ಕಂಪ್ಯೂಟರ್‌ನಲ್ಲಿ ಬೀಮ್ ಲೆಕ್ಕ ಮಾಡುತ್ತಿರುವಾಗಲೇ ಬಾಯಲ್ಲಿ ಯಾರ ಬಾಕಿ ಎಷ್ಟು ಅಂತ ಹೇಳುತ್ತಿರುತ್ತಾಳೆ. ಅವಳು ಬರುವ ಮುಂಚೆ ನಮ್ಮದು ಕಂಪನಿ ಆಗಿರಲಿಲ್ಲ, ಧರ್ಮಛತ್ರ ಆಗಿತ್ತು.

ಕಂಪನಿ ಅಂದಾಗ ಒಂದು ಎಚ್ಚರಿಕೆ. ನಾವು ಮೊದಲು ಬೋರ್ಡಿನಲ್ಲಿ ಹೆಸರಿನ ಮುಂದೆ "ಆರ್ಕಿಟೆಕ್ಟ್ಸ್" ಅಂತ ಬರೆಸಿದ್ದೆವು. 1972ರ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ಆ ಪದ ನೋಂದಾಯಿತ ಆರ್ಕಿಟೆಕ್ಟರದ್ದು. ಫರ್ಮ್ ಆ ಹೆಸರು ಇಟ್ಟುಕೊಳ್ಳಬೇಕಾದರೆ ಪಾಲುದಾರರೆಲ್ಲರೂ ನೋಂದಾಯಿತರಾಗಿರಬೇಕು. ನಮ್ಮ ಮೂವರಲ್ಲಿ ನಾನೊಬ್ಬನೇ. ಬೋರ್ಡು ಇಳಿಸಿ, "ಡಿಸೈನ್" ಅಂತ ಬರೆಸಿ ಮತ್ತೆ ಏರಿಸಿದೆವು. 4,200 ರೂಪಾಯಿ ದಂಡ, ಪೇಂಟರ್‌ಗೆ. ಇನ್ನೊಂದು, ಪ್ರೈವೇಟ್ ಲಿಮಿಟೆಡ್ ಮಾಡಿದರೆ ಒಂದು ರೂಪಾಯಿ ವ್ಯಾಪಾರ ಇಲ್ಲದಿದ್ದರೂ ವರ್ಷಾ ವರ್ಷಾ ಆಡಿಟ್ ಆಗಲೇಬೇಕು. ಮೊದಲ ವರ್ಷ ನಾವು ಮೂವರು ತೆಗೆದುಕೊಂಡ ಸಂಬಳ ಸೊನ್ನೆ, ಆಡಿಟರ್ ತೆಗೆದುಕೊಂಡದ್ದು ಹದಿನೆಂಟು ಸಾವಿರ. ಆತುರ ಇಲ್ಲದಿದ್ದರೆ ಎರಡು ವರ್ಷ ಸುಮ್ನೆ ಒಬ್ಬರ ಹೆಸರಲ್ಲೇ ನಡೆಸಿ.

2016ರಲ್ಲಿ ಬಿ.ಬಿ. ರಸ್ತೆಯ ಪಕ್ಕದ ಸಂದಿಯಲ್ಲಿ ಒಂದು ರೂಮು ಹಿಡಿದೆವು. ಬಾಡಿಗೆ 6,500. ಊರವರು ಆಡಿಕೊಂಡ ಮಾತು ಇನ್ನೂ ನೆನಪಿದೆ: "ಮುದ್ದೇನಹಳ್ಳಿ ಪಕ್ಕದಲ್ಲೇ ಇರೋ ಊರಿದು. ವಿಶ್ವೇಶ್ವರಯ್ಯನವರ ಜಿಲ್ಲೆಲಿ ಇಂಜಿನಿಯರ್‌ಗೆ ಬರಾನಾ?" ನಿಜ, ಬರ ಇಲ್ಲ. ನಗರಸಭೆ ಸುತ್ತಮುತ್ತ ಚದರಡಿಗೆ ನಾಲ್ಕು, ಐದು ರೂಪಾಯಿಗೆ ಪ್ಲಾನ್ ಸಿಗುತ್ತದೆ, ಸಂಜೆಯೊಳಗೆ. ನಾವು ಕಟ್ಟುವ ಖರ್ಚಿನ ಶೇಕಡಾ ಆರು ಫೀಸು ಅಂದಾಗ ಜನ ನಗಲಿಲ್ಲ. ಪಾಪ, ಏನೋ ತೊಂದರೆಯಲ್ಲಿದ್ದಾರೆ ಅನ್ನೋ ಹಾಗೆ ನೋಡಿದರು.

ಮೊದಲ ಮೂರು ವರ್ಷದ ಕಥೆ ಚಿಕ್ಕದು. ದುಡಿದೆವು, ದುಡ್ಡು ಬರಲಿಲ್ಲ. ಒಂದು ಕಲ್ಯಾಣ ಮಂಟಪಕ್ಕೆ ಏಳು ತಿಂಗಳು ಡ್ರಾಯಿಂಗ್ ಮಾಡಿದೆವು. ಹನ್ನೊಂದು ಸಲ ಬದಲಾಯಿಸಿದೆವು. ಕೊನೆಗೆ ಮಾಲೀಕರು ನಮ್ಮ ಡ್ರಾಯಿಂಗನ್ನೇ ಬೇರೆಯವರ ಕೈಗೆ ಕೊಟ್ಟು ಕಟ್ಟಿಸಿದರು. ನಮಗೆ ಬರಬೇಕಿದ್ದದ್ದು 2.4 ಲಕ್ಷ, ಬಂದದ್ದು ಪ್ರಾರಂಭೋತ್ಸವದ ಕಾರ್ಡು. ಊಟಕ್ಕೆ ಹೋಗಿದ್ದೆವು. ಹೋಳಿಗೆ ಚೆನ್ನಾಗಿತ್ತು. ನಮ್ಮ ಎಂ.ಟೆಕ್ ಮೇಡಂ ಕೈ ತೊಳೆಯುವಾಗ ಹೇಳಿದ್ದು: "ನಮ್ಮಪ್ಪ ಮೂಟೆ ತಕ್ಕಡಿಗೆ ಹಾಕೋ ಮುಂಚೆ ದುಡ್ಡಿನ ಮಾತು ಆಡ್ತಾರೆ. ನೀವು ಮೂಟೆ ಕಳಿಸಿ, ಗೋಣಿಚೀಲಾನೂ ಕೊಟ್ಟು, ಆಮೇಲೆ ರೇಟ್ ಕೇಳ್ತೀರ."

ಆ ರಾತ್ರಿ ಮೂವರೂ ಕೂತು ಲೆಕ್ಕ ಹಾಕಿದೆವು. ಕ್ಲೈಂಟುಗಳು ಮೋಸಗಾರರು ಅಂತ ಬೈದು ಮಲಗಬಹುದಿತ್ತು. ಆದರೆ ಹನ್ನೊಂದು ಸಲ ಬದಲಾವಣೆ ಯಾಕಾಯಿತು? ಅವರಿಗೆ ಪ್ಲಾನ್ ಓದೋಕೆ ಬರುತ್ತಿರಲಿಲ್ಲ. ಪ್ರತಿ ಸಲ ತಲೆ ಆಡಿಸುತ್ತಿದ್ದರು, ಮನೆಗೆ ಹೋಗಿ ಅನುಮಾನ ಬಂದು ಮತ್ತೆ ಬರುತ್ತಿದ್ದರು. 3ಡಿ ಚಿತ್ರ ತೋರಿಸಿದರೆ ಬಣ್ಣ ನೋಡುತ್ತಿದ್ದರು, ಅಳತೆ ನೋಡುತ್ತಿರಲಿಲ್ಲ.

ಉಪಾಯ ಹೇಳಿದ್ದು ಕಲ್ಲಿನವನು. "ಕಾಗದದ ಮೇಲೆ ಯಾಕೆ ಬಿಡಿಸ್ತೀರ? ನೆಲದ ಮೇಲೆ ಬಿಡಿಸಿ." ಪಾಯ ತೋಡುವ ಮುಂಚೆ ಸುಣ್ಣದ ಪುಡಿಯಲ್ಲಿ ಮಾರ್ಕಿಂಗ್ ಹಾಕುವುದು ಯಾವ ಮೇಸ್ತ್ರಿಗೂ ಹೊಸದಲ್ಲ. ಅದನ್ನು ಪಾಯಕ್ಕಲ್ಲ, ಡಿಸೈನಿಗೇ ಮಾಡೋಣ ಅಂದ. ಒಂದು ದಿನ ಪೂರ್ತಿ ಸೈಟಿನಲ್ಲಿ, ಮನೆಯವರನ್ನೆಲ್ಲ ನಿಲ್ಲಿಸಿಕೊಂಡು, ನಿಜವಾದ ಅಳತೆಯಲ್ಲಿ ಗೆರೆ ಎಳೆಯುವುದು. ಅಳಿಸುವುದು. ಮತ್ತೆ ಎಳೆಯುವುದು. ಮೇಡಂ ಒಂದು ಷರತ್ತು ಸೇರಿಸಿದಳು: ಗೆರೆ ಎಳೆಯೋಕೆ ಐದು ಸಾವಿರ, ಮೊದಲೇ. ಕೆಲಸ ನಮಗೇ ಕೊಟ್ಟರೆ ಫೀಸಿನಲ್ಲಿ ಕಳೆಯುತ್ತೇವೆ, ಇಲ್ಲದಿದ್ದರೆ ನಮ್ಮದು.

ಇದನ್ನು ಕೇಳಿ ನಕ್ಕವರ ಪಟ್ಟಿ ದೊಡ್ಡದಿದೆ. ನನ್ನ ಹಳೇ ಬಾಸ್, "ರಂಗೋಲಿಗೆ ಫೀಸಾ?" ಅಂದರು. ಗೆಳೆಯ ಇಂಜಿನಿಯರ್ ಒಬ್ಬ, "ಮಳೆ ಬಂದ್ರೆ ರಿಫಂಡ್ ಮಾಡ್ತೀರಾ?" ಅಂದ. ನಮ್ಮಪ್ಪ ಏನೂ ಹೇಳಲಿಲ್ಲ, ಅದು ಇನ್ನೂ ಕಷ್ಟ. ಮೊದಲ ನಾಲ್ಕು ತಿಂಗಳು ಒಬ್ಬರೂ ಐದು ಸಾವಿರ ಕೊಡಲಿಲ್ಲ.

ಐದನೇ ತಿಂಗಳು ಒಬ್ಬ ರೇಷ್ಮೆ ಬೆಳೆಗಾರರು ಬಂದರು. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಎರಡೂವರೆ ಎಕರೆ ಹಿಪ್ಪುನೇರಳೆ, ಒಂದು ಬೆಳೆಗೆ ಇನ್ನೂರು ಇನ್ನೂರೈವತ್ತು ಮೊಟ್ಟೆ ಸಾಕುವವರು. ರೇಷ್ಮೆಯವರ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಪೂರ್ತಿ ಗುಂಪು. ಶೀಟಿನ ಹುಳುಮನೆಯಲ್ಲಿ ಎರಡು ಬೇಸಿಗೆ ಬೆಳೆ ಹೋಗಿತ್ತು. ನಮ್ಮಪ್ಪನಿಗೆ ಗೂಡು ಹಾಕಿ ಪರಿಚಯ. "ನಿಮ್ಮ ಹುಡುಗ ಏನೋ ಗೆರೆ ಎಳೀತಾನಂತಲ್ಲ" ಅಂತ ಐದು ಸಾವಿರ ಎಣಿಸಿ ಕೊಟ್ಟರು. ಕೊಟ್ಟದ್ದು ಗೆರೆಗಲ್ಲ, ಅಪ್ಪನ ಮುಖಕ್ಕೆ ಅಂತ ನನಗೆ ಗೊತ್ತಿತ್ತು.

ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆವು. ಇಪ್ಪತ್ತು ಅಡಿ, ಐವತ್ತು ಅಡಿ, ಸುತ್ತ ನಾಲ್ಕಡಿ ವರಾಂಡ. ಮುಂದೆ ಐದಡಿಯ ಒಂದು ನಡು ಕೋಣೆ. ಊಜಿ ನೊಣದ ಕಾಟ ನಿಮಗೆ ಗೊತ್ತಲ್ಲ, 1980ರಲ್ಲಿ ಬಂಗಾಳದ ಕಡೆಯಿಂದ ರಾಜ್ಯಕ್ಕೆ ಬಂದದ್ದು ಇನ್ನೂ ಹೋಗಿಲ್ಲ. ಹುಳದ ಮೈ ಮೇಲೆ ಮೊಟ್ಟೆ ಇಟ್ಟರೆ ಮುಗಿಯಿತು. ಅದಕ್ಕೇ ಎರಡು ಬಾಗಿಲು: ಹೊರಗಿನದು ಮುಚ್ಚಿದ ಮೇಲೆ ಒಳಗಿನದು ತೆಗೆಯಬೇಕು. ಇದೆಲ್ಲ ನಾನು ಪುಸ್ತಕ ಓದಿ ಸರಿಯಾಗಿಯೇ ಬಿಡಿಸಿದ್ದೆ.

ಆಗ ಬೆಳೆಗಾರರ ತಾಯಿ ತೋಟದಿಂದ ಸೊಪ್ಪಿನ ಹೊರೆ ಹೊತ್ತುಕೊಂಡು ಬಂದರು. ಕಡ್ಡಿ ಸಮೇತ ಕೊಯ್ದ ಸೊಪ್ಪು, ತಲೆ ಮೇಲೆ ಅಡ್ಡಡ್ಡ. ಒಂದು ತುದಿಯಿಂದ ಇನ್ನೊಂದು ತುದಿಗೆ ಐದಡಿ ಇರಬೇಕು. ಅಜ್ಜಿಗೆ ಗೆರೆ ಏನು ಅಂತ ಯಾರೂ ಹೇಳಿರಲಿಲ್ಲ. ಮಗ "ಅಮ್ಮಾ, ಅದು ಬಾಗ್ಲು, ಅಲ್ಲಿಂದ ಬಾ" ಅಂದ. ಅಜ್ಜಿ ನಾನು ಬಿಡಿಸಿದ ಮೂರೂವರೆ ಅಡಿ ಬಾಗಿಲ ಮುಂದೆ ನಿಂತರು. ಹೊರೆ ಸಮೇತ ಅಡ್ಡಕ್ಕೆ ತಿರುಗಿ, ಏಡಿ ಹಾಗೆ ನುಸುಳಿ ಒಳಗೆ ಬಂದರು. ನಡು ಕೋಣೆಯಲ್ಲಿ ಮತ್ತೆ ನೇರ ತಿರುಗಬೇಕು. ಹೊರೆಯ ಹಿಂದಿನ ತುದಿ ಇನ್ನೂ ಮೊದಲ ಬಾಗಿಲಲ್ಲೇ ಇದೆ, ಮುಂದಿನ ತುದಿ ಎರಡನೇ ಬಾಗಿಲಿಗೆ ತಾಗುತ್ತಿದೆ. ಅಲ್ಲೇ ನಿಂತು, "ಈಗ ಈ ಬಾಗ್ಲು ಮುಚ್ಚೋರು ಯಾರಪ್ಪ?" ಅಂದರು.

ನನಗೆ ಬೆವರು ಬಂತು. ಕಾಗದದ ಮೇಲೆ ಆ ಕೋಣೆ ನೊಣ ತಡೆಯುತ್ತಿತ್ತು. ನಿಜದಲ್ಲಿ ದಿನಕ್ಕೆ ಹತ್ತು ಹೊರೆ ಬರುವಾಗ ಎರಡೂ ಬಾಗಿಲು ಒಟ್ಟಿಗೆ ತೆರೆದಿರುತ್ತಿತ್ತು.

ಅವತ್ತೇ ಗೆರೆ ಅಳಿಸಿ ಬಾಗಿಲು ಆರಡಿ ಮಾಡಿದೆವು, ನಡು ಕೋಣೆ ಒಂಬತ್ತು ಅಡಿ. ಅಜ್ಜಿ ಇನ್ನೊಂದು ಸಲ ಹೊರೆ ಹೊತ್ತು ಬಂದು, ನಿಂತು, ಹಿಂದಕ್ಕೆ ಕಾಲಿನಿಂದ ಬಾಗಿಲು ತಳ್ಳುವ ಹಾಗೆ ಮಾಡಿ, ಆಮೇಲೆ ಮುಂದೆ ಹೋದರು. ಕಾಲಿನಿಂದ ತಳ್ಳುವುದನ್ನು ನೋಡಿ ಕಲ್ಲಿನವನು ಬಾಗಿಲ ಕೆಳಗೆ ತಗಡು ಹೊಡೆಯಬೇಕು ಅಂತ ಬರೆದುಕೊಂಡ. ಸೊಪ್ಪಿನ ಕೋಣೆಯನ್ನು ಅಜ್ಜಿಯೇ ಉತ್ತರಕ್ಕೆ ತಳ್ಳಿದರು, ನಾನು ಪಶ್ಚಿಮಕ್ಕೆ ಹಾಕಿದ್ದೆ. ಅವತ್ತಿನಿಂದ ನಮ್ಮ ಆಫೀಸಿನಲ್ಲಿ ಒಂದು ನಿಯಮ: ಗೆರೆ ಎಳೆಯುವ ದಿನ ಮನೆಯಲ್ಲಿ ಕೆಲಸ ಮಾಡುವವರು ಕೆಲಸ ಮಾಡುತ್ತಲೇ ಇರಬೇಕು. ಕುರ್ಚಿ ಹಾಕಿಕೊಂಡು ಕೂತು ಅಭಿಪ್ರಾಯ ಹೇಳುವವರು ಬೇಡ.

ಇಷ್ಟು ಓದಿ ಆ ಮನೆಗೇ ಪ್ರಶಸ್ತಿ ಬಂತು ಅಂದುಕೊಳ್ಳಬೇಡಿ. ಆ ಮನೆ ಸೋತಿತು. ಎರಡು ಸಲ.

ಮೊದಲ ಸೋಲು ಗೋಡೆ. ನಾನು ಮಣ್ಣಿನ ಬ್ಲಾಕ್ ಹಾಕಿಸಿದ್ದೆ. ಪಕ್ಕದ ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ಒಯ್ಯುವ ಐಐಎಸ್‌ಸಿಯ ಅಸ್ತ್ರ ತಂಡ ಎಪ್ಪತ್ತರ ದಶಕದಿಂದ ಕೆಲಸ ಮಾಡಿದ್ದು, ಪ್ರೊ. ಕೆ.ಎಸ್. ಜಗದೀಶ್ ಅವರ ಬ್ಲಾಕ್ ಪ್ರೆಸ್ಸು, ಇದೆಲ್ಲ ಓದಿಕೊಂಡು ಬೆಳೆದವನು ನಾನು. ನಮ್ಮ ಕೆಂಪು ಮಣ್ಣಿಗೆ ಶೇಕಡಾ ಆರೇಳು ಸಿಮೆಂಟ್ ಸೇರಿಸಿದರೆ ಒಳ್ಳೇ ಬ್ಲಾಕ್ ಬರುತ್ತದೆ. ಮರಳು ಎಷ್ಟು ಅನ್ನೋದು ನಮ್ಮ ಆಫೀಸಿನ ಗುಟ್ಟು, ಹಳ್ಳಿ ಹಳ್ಳಿಗೂ ಬೇರೆ. ಗೋಡೆ ಚೆನ್ನಾಗಿ ಬಂತು. ಒಳಗೂ ಹೊರಗೂ ಪ್ಲಾಸ್ಟರ್ ಇಲ್ಲ, ಬ್ಲಾಕ್ ಕಾಣಬೇಕು ಅಂತ ನನ್ನ ಹಟ. ಫೋಟೋ ತೆಗೆಸಿದ್ದೂ ಆಯಿತು.

ಮೊದಲ ಬೆಳೆ ಮುಗಿಯಿತು. ಬೆಳೆಗಾರರು ಎಂದಿನಂತೆ ಬ್ಲೀಚಿಂಗ್ ಪೌಡರು, ಸುಣ್ಣದ ನೀರು ಕಲಸಿ ಪವರ್ ಸ್ಪ್ರೇನಲ್ಲಿ ಮನೆ ತೊಳೆದರು. ಪ್ರತಿ ಬೆಳೆಗೂ ತೊಳೆಯಲೇಬೇಕು, ಇಲ್ಲದಿದ್ದರೆ ರೋಗ ಉಳಿಯುತ್ತದೆ. ಆ ಒತ್ತಡಕ್ಕೆ ಬ್ಲಾಕಿನ ಮೈ ಕಿತ್ತು ಬಂತು. ಸಂದಿಯಲ್ಲೆಲ್ಲ ಮಣ್ಣು ಬಿಟ್ಟು ತೂತು. ಮುಂದಿನ ಬೆಳೆಗೆ ಆ ತೂತುಗಳಲ್ಲಿ ಊಜಿಯ ಮರಿಹುಳಗಳು ಹೋಗಿ ಸೇರಿಕೊಂಡಿದ್ದವು. ಬೆಳೆಗಾರರು ಬೈಯಲಿಲ್ಲ. ಟಾರ್ಚ್ ಹಾಕಿ ಒಂದೊಂದೇ ತೂತು ತೋರಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಒಳಗೆ ಪೂರ್ತಿ ಗಾರೆ ಮಾಡಿಸಿ, ನೆಲ ಗೋಡೆ ಸೇರುವ ಮೂಲೆಯನ್ನು ದುಂಡಗೆ ತಿರುಗಿಸಿ ಕೊಟ್ಟೆವು. 62 ಸಾವಿರ, ನಮ್ಮ ಕೈಯಿಂದ. ಫೋಟೋದಲ್ಲಿ ಚೆಂದ ಕಾಣುವ ಗೋಡೆ ಹುಳುಮನೆಗೆ ಬೇಡ. ಹೊರಗೆ ಬೇಕಾದರೆ ಇಟ್ಟುಕೊಳ್ಳಿ.

ಎರಡನೇ ಸೋಲು ಮಾಳಿಗೆ. ಇದು ಇನ್ನೂ ನೋವಿನದು, ಯಾಕೆಂದರೆ ಇದರಲ್ಲಿ ಮೂವರ ತಲೆಯೂ ಇತ್ತು. ಕಲ್ಲಿನವನಿಗೆ ಚಪ್ಪಡಿ ಬೇಕು. ಬೇಸಿಗೆಗೆ ತಂಪು, ಊರಿನ ಕಲ್ಲು, ಊರಿನ ಕೆಲಸ. ಮೇಡಂ ಇಪ್ಪತ್ತಡಿ ಅಗಲವನ್ನು ಮೂರು ಭಾಗ ಮಾಡಿ, ಏಳಡಿ ಚಪ್ಪಡಿಗೆ ಬೀಮ್ ಲೆಕ್ಕ ಕೊಟ್ಟಳು. ಕಂಬದ ಸಾಲು ಹುಳ ಸಾಕುವ ಸ್ಟ್ಯಾಂಡುಗಳ ಸಾಲಿಗೆ ಸರಿಯಾಗಿ ಕೂತಿತು. ಮೇಲೆ ಒಂದೂವರೆ ಅಡಿ ಬಿಟ್ಟು ಶೀಟಿನ ಇನ್ನೊಂದು ಮಾಡು. ಮಧ್ಯೆ ಗಾಳಿ ಓಡಬೇಕು. ಈ ಎರಡು ಮಾಡಿನ ವಿಚಾರ ನಾನು ಕದ್ದದ್ದು ಆರ್ಕಿಟೆಕ್ಟ್ ಫ್ರಾನ್ಸಿಸ್ ಕೆರೆ ಅವರಿಂದ. ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗಾಂಡೊ ಅನ್ನೋ ಹಳ್ಳಿಯಲ್ಲಿ ಅವರು 2001ರಲ್ಲಿ ಕಟ್ಟಿದ ಶಾಲೆಯಲ್ಲಿ ಮಣ್ಣಿನ ಇಟ್ಟಿಗೆ ಸೀಲಿಂಗಿನ ಮೇಲೆ ತಗಡಿನ ಮಾಡು ಬೇರೆಯಾಗಿ ಎದ್ದು ನಿಂತಿದೆ. ಬಿಸಿ ಗಾಳಿ ಮಧ್ಯದಲ್ಲಿ ಹೊರಟುಹೋಗುತ್ತದೆ.

ಬೇಸಿಗೆಯಲ್ಲಿ ನಾವು ರಾಜರು. ಏಪ್ರಿಲ್ ಮಧ್ಯಾಹ್ನ ಹೊರಗೆ 36 ಡಿಗ್ರಿ, ಒಳಗೆ ಗೋಣಿ ನೆನೆಸಿ ಕಟ್ಟಿದರೆ 28ರ ಆಸುಪಾಸು. ಅಕ್ಕಪಕ್ಕದ ಊರಿನವರು ಬಂದು ನೋಡಿಕೊಂಡು ಹೋದರು. ಆಮೇಲೆ ಡಿಸೆಂಬರ್ ಬಂತು.

ನಂದಿ ಬೆಟ್ಟದ ಸುತ್ತಿನ ಚಳಿ ನಿಮಗೆ ಗೊತ್ತು. ರಾತ್ರಿ ಮಾಳಿಗೆ ಕಲ್ಲು ಮಂಜುಗಡ್ಡೆಯಂತಾಯಿತು. ಒಳಗೆ ಕೊನೇ ಹಂತದ ಹುಳ, ಸ್ಟ್ಯಾಂಡ್ ತುಂಬ ಹಸಿ ಸೊಪ್ಪು, ನೊಣದ ಭಯಕ್ಕೆ ಕಿಟಕಿ ಮುಚ್ಚಿದೆ. ಆ ತೇವ ಎಲ್ಲ ಮೇಲೆ ಹೋಗಿ ಕಲ್ಲಿಗೆ ತಾಗಿ ನೀರಾಯಿತು. ಬೆಳಗಿನ ಜಾವ ನಾಲ್ಕಕ್ಕೆ ಫೋನ್. "ಸಾರ್, ಒಳಗೆ ಮಳೆ ಬರ್ತಿದೆ." ತಮಾಷೆ ಅಂದುಕೊಂಡೆ. ಹೋಗಿ ನೋಡಿದರೆ ನಿಜವಾಗಲೂ ಚಪ್ಪಡಿಯಿಂದ ಹನಿ ಹನಿ ಹುಳದ ಮೇಲೆ ಬೀಳುತ್ತಿದೆ. ತಂಪು, ತೇವ ಎರಡೂ ಸೇರಿದರೆ ಏನು ಬರುತ್ತದೆ ಅಂತ ರೇಷ್ಮೆಯವರನ್ನು ಕೇಳಿ. ಸುಣ್ಣಕಟ್ಟು. ಹುಳ ಬಿಳಿ ಸೀಮೆಸುಣ್ಣದ ಹಾಗೆ ಗಟ್ಟಿಯಾಗಿ ಸಾಯುತ್ತದೆ. ಇನ್ನೂರು ಮೊಟ್ಟೆಯಲ್ಲಿ ಮುಕ್ಕಾಲು ಭಾಗ ಹೋಯಿತು. ನೂರು ಮೊಟ್ಟೆಗೆ ಎಪ್ಪತ್ತು ಕೆಜಿ ಗೂಡು ಬರುವ ಕಡೆ ಎಷ್ಟು ನಷ್ಟ ಅಂತ ನೀವೇ ಲೆಕ್ಕ ಹಾಕಿ. ಅರ್ಧ ನಾವು ಹೊತ್ತೆವು. ಆ ತಿಂಗಳು ಆಫೀಸಿನ ಬಾಡಿಗೆ ಕಟ್ಟಿದ್ದು ಮೇಡಂ ಬಳೆ ಅಡ ಇಟ್ಟು. ನಾನು ಬೆಂಗಳೂರಿನ ಹಳೇ ಬಾಸ್‌ಗೆ ಕೆಲಸ ಇದೆಯಾ ಅಂತ ಮೆಸೇಜ್ ಟೈಪ್ ಮಾಡಿ, ಕಳಿಸದೆ ಇಟ್ಟುಕೊಂಡಿದ್ದೆ.

ಸರಿಪಡಿಸಿದ್ದು ಹೇಗೆ? ಚಪ್ಪಡಿಯ ಮೇಲೆ ಒಂದು ಪದರ ಹಾಕಿದ್ದೇವೆ. ನಾಲ್ಕು ಇಂಚು. ನಮ್ಮ ಜಿಲ್ಲೆಯಲ್ಲೇ ಸಿಗುವ, ಜನ ಬಿಸಾಡುವ ವಸ್ತು. ಏನು ಅಂತ ಇಲ್ಲಿ ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆಫೀಸಿಗೆ ಬಂದು ಕಾಫಿ ಕುಡಿಸಿದರೂ ಹೇಳುವುದಿಲ್ಲ. ಇನ್ನೊಂದು ಬದಲಾವಣೆ ಬೇಕಾದರೆ ತೆಗೆದುಕೊಳ್ಳಿ: ಗಾಳಿಕಿಂಡಿಯನ್ನು ಗೋಡೆ ಮಧ್ಯದಿಂದ ಎತ್ತಿ ಚಪ್ಪಡಿಯ ಕೆಳಗೇ ಇಟ್ಟೆವು, ನೊಣದ ಬಲೆ ಸಮೇತ. ಬಲೆಯ ಚೌಕಟ್ಟು ಹೊರಗಿನಿಂದ ಕಳಚಿ ತೊಳೆಯುವ ಹಾಗಿರಬೇಕು. ಬಲೆಯಲ್ಲಿ ಧೂಳು ಕೂತರೆ ಕಿಂಡಿ ಇದ್ದೂ ಇಲ್ಲದ ಹಾಗೆ.

ಎರಡನೇ ಹುಳುಮನೆ ಪರವಾಗಿಲ್ಲ ಅನಿಸಿತು. ಮೂರನೆಯದು ಚೆನ್ನಾಯಿತು. ನಾಲ್ಕನೆಯದಕ್ಕೆ ಪ್ರಶಸ್ತಿ.

ಮಧ್ಯದಲ್ಲಿ ಕೆಲವು ಹುಚ್ಚಾಟ ಮಾಡಿದ್ದೇವೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮಪ್ಪನ ಘಟಕದಲ್ಲಿ ಉಳಿಯುವ ರೇಷ್ಮೆ ಜುಟ್ಟನ್ನು, ಅಂದರೆ ನೂಲಾಗದ ಎಳೆಗಳನ್ನು, ಗಾರೆಗೆ ಸೇರಿಸಿದರೆ ಬಿರುಕು ಬಿಡುವುದಿಲ್ಲ ಅಂತ ನನ್ನ ಲೆಕ್ಕ. ಬಿರುಕು ನಿಜವಾಗಲೂ ಕಮ್ಮಿಯಾಯಿತು. ಆದರೆ ಜುಟ್ಟಿನಲ್ಲಿ ಪ್ಯೂಪದ, ಅಂದರೆ ಗೂಡಿನೊಳಗೆ ಸತ್ತ ಹುಳದ, ಚೂರು ಇತ್ತು. ಹದಿನೈದು ದಿನ ಆ ಗೋಡೆ ಹತ್ತಿರ ಯಾರೂ ಹೋಗಲಿಲ್ಲ, ಇಲಿ ಮಾತ್ರ ಹೋಯಿತು, ಹಲ್ಲಲ್ಲಿ ಎಳೆ ಎಳೆಯಾಗಿ ಕಿತ್ತಿತು. ಚೆನ್ನಾಗಿ ತೊಳೆದು ಇನ್ನೊಂದು ಸಲ ಮಾಡಬೇಕು ಅಂತಿದೆ, ಉಳಿದಿಬ್ಬರು ಬಿಡುತ್ತಿಲ್ಲ.

ಗೆದ್ದದ್ದು ಕಲ್ಲುಕಂಬ. ದ್ರಾಕ್ಷಿ ತೋಟ ಕಿತ್ತವರ ಹತ್ತಿರ ಹಳೇ ಕಲ್ಲುಕಂಬ ರಾಶಿ ಬಿದ್ದಿರುತ್ತವೆ. ಒಂದಕ್ಕೆ ನೂರೈವತ್ತು, ಇನ್ನೂರು. ವರಾಂಡದ ಕಂಬಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕಲ್ಲಿನವನು ಒಂದೊಂದನ್ನೂ ತಟ್ಟಿ ಆರಿಸಿದ, ಹತ್ತಕ್ಕೆ ಮೂರು ಬಿಸಾಡಿದ. ಮೇಡಂ ಒಂದನ್ನು ಮಲಗಿಸಿ ಮೇಲೆ ಮರಳು ಮೂಟೆ ಪೇರಿಸಿ ಮುರಿಯುವವರೆಗೂ ನೋಡಿದಳು. ಆಮೇಲೆ ಸಹಿ ಹಾಕಿದಳು. ಇರುವೆಗೆ ಮನೆ ಸುತ್ತ ನೀರಿನ ಕಾಲುವೆ ಮಾಡಿದೆವು, ನಾಲ್ಕಿಂಚಿನದು. ಇರುವೆ ನಿಂತಿತು, ಸೊಳ್ಳೆ ಶುರುವಾಯಿತು. ಈಗ ಬರೀ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು, ಎಲ್ಲರೂ ಮಾಡುವ ಹಾಗೆ. ಹೊಸದು ಹುಡುಕಲು ಹೋಗಿ ಹಳೇದಕ್ಕೆ ವಾಪಸ್ ಬಂದೆವು, 14 ಸಾವಿರ ಕಳೆದುಕೊಂಡು.

ದುಡ್ಡಿನ ಲೆಕ್ಕ ಕೇಳುತ್ತೀರ ಅಂತ ಗೊತ್ತು. ನಾಲ್ಕನೇ ಮನೆಗೆ ಒಟ್ಟು ಒಂಬತ್ತೂವರೆ ಲಕ್ಷ ಆಗಿರಬೇಕು. ಅದೇ ಅಳತೆಯ ಶೀಟ್ ಶೆಡ್ ಆಗ ಆರೂವರೆಗೆ ಆಗುತ್ತಿತ್ತು. ಮೂರು ಲಕ್ಷ ಜಾಸ್ತಿ. ರೇಷ್ಮೆ ಇಲಾಖೆಯ ಸಹಾಯಧನ ಸಿಕ್ಕಿತು, ಆದರೆ ಅದು ಕಟ್ಟಿದ ಮೇಲೆ ಬರುವ ದುಡ್ಡು. ಅಲ್ಲಿವರೆಗೆ ಕೈಯಿಂದ ಹಾಕಬೇಕು. ಅದನ್ನು ಮೊದಲ ದಿನವೇ ಹೇಳಿ, ಇಲ್ಲದಿದ್ದರೆ ಅರ್ಧ ಗೋಡೆಯಲ್ಲಿ ಕೆಲಸ ನಿಲ್ಲುತ್ತದೆ. ನಮ್ಮ ಫೀಸು 38 ಸಾವಿರ, ನಾಲ್ಕು ಕಂತು. ಇದರಿಂದ ಬದುಕೋಕೆ ಆಗಲ್ಲ ಅನ್ನುವುದು ನಿಜ. ಹುಳುಮನೆ ನೋಡಿದವರು ಮನೆ ಕಟ್ಟಿಸುತ್ತಾರೆ, ಆಫೀಸು ನಡೆಯುವುದು ಅದರಿಂದ. ಈಗ ಒಟ್ಟು ವ್ಯವಹಾರ ಇಪ್ಪತ್ತು ಲಕ್ಷ ದಾಟಿ ಜಿಎಸ್‌ಟಿಗೂ ಬಂದಿದ್ದೇವೆ. ಹಳ್ಳಿಯ ಮನೆಯವರಿಗೆ ಫೀಸಿನ ಮೇಲೆ ಶೇಕಡಾ 18 ಅಂತ ವಿವರಿಸುವುದು ಬೀಮ್ ವಿವರಿಸುವುದಕ್ಕಿಂತ ಕಷ್ಟ.

ಪ್ರಶಸ್ತಿ ಅರ್ಜಿಯಲ್ಲಿ ಒಂದು ಕಾಲಂ ಇತ್ತು: ಪ್ರತಿ ಡೈರೆಕ್ಟರ್‌ನ ಹಿನ್ನೆಲೆ, ನೂರೈವತ್ತು ಪದ. ನಾನು ಕಾಲೇಜು, ಆಫೀಸು, ಪ್ರಾಜೆಕ್ಟು ಅಂತ ತುಂಬಿಸಿದೆ. ಮೇಡಂ ಮಾರ್ಕ್ಸ್ ಸಮೇತ ತುಂಬಿಸಿದಳು. ಕಲ್ಲಿನವನು ಖಾಲಿ ಬಿಟ್ಟ. "ನಂದು ಏನಿದೆ ಬರೆಯೋಕೆ? ಡಿಪ್ಲೊಮಾ, ಅದೂ ಸೆಕೆಂಡ್ ಕ್ಲಾಸು." ಆಗ ನನಗೆ ಸಿಟ್ಟು ಬಂತು. ಫ್ರಾನ್ಸಿಸ್ ಕೆರೆ ಮೊದಲು ಜರ್ಮನಿಗೆ ಹೋದದ್ದು ಬಡಗಿ ಕೆಲಸ ಕಲಿಯೋಕೆ, 2022ರಲ್ಲಿ ಆರ್ಕಿಟೆಕ್ಚರಿನ ದೊಡ್ಡ ಪ್ರಶಸ್ತಿ ಪ್ರಿಟ್ಸ್ಕರ್ ಬಂತು. ಜಪಾನಿನ ತಡಾವೊ ಆಂಡೊ ಬಾಕ್ಸರ್ ಆಗಿದ್ದವರು, ಆರ್ಕಿಟೆಕ್ಚರ್ ಕಾಲೇಜಿಗೆ ಹೋದವರೇ ಅಲ್ಲ, 1995ರಲ್ಲಿ ಅದೇ ಪ್ರಶಸ್ತಿ. ನಮ್ಮ ಬಿ.ವಿ. ದೋಶಿ ಅವರ ಮನೆತನದ್ದು ಪೀಠೋಪಕರಣ ಮಾಡುವ ಕೆಲಸ, 2018ರಲ್ಲಿ ಪ್ರಿಟ್ಸ್ಕರ್ ಪಡೆದ ಮೊದಲ ಭಾರತೀಯ ಅವರು. ಅವರು ಡಿಸೈನ್ ಮಾಡಿದ ಬೆಂಗಳೂರು ಐಐಎಂನ ಆ ಕಲ್ಲಿನ ಗೋಡೆಗಳನ್ನು ನೋಡಿಯೇ ನಾನು ಬಿ.ಆರ್ಕ್ ಸೇರಿದ್ದು. ಇದನ್ನೆಲ್ಲ ಭಾಷಣ ಮಾಡಿದೆ. ಅವನು ಕೇಳಿಸಿಕೊಂಡು, "ಅವರೆಲ್ಲ ದೊಡ್ಡೋರು ಬಿಡಪ್ಪ" ಅಂತ ಬೀಡಿ ಸೇದೋಕೆ ಹೊರಗೆ ಹೋದ.

ಕೊನೆಗೆ ಅವನ ಕಾಲಂ ಮೇಡಂ ಬರೆದಳು. ನಾಲ್ಕೇ ಸಾಲು. ಅವನ ಅಜ್ಜ ಬಂಡೆ ಏಳಿಸುತ್ತಿದ್ದ ರೀತಿ, ತಟ್ಟಿ ಕೇಳುವುದು, ನಾಲ್ಕು ಹುಳುಮನೆಗೆ ಅವನು ವಾಪಸ್ ಕಳಿಸಿದ ಚಪ್ಪಡಿ ಎಷ್ಟು ಅನ್ನೋ ಲೆಕ್ಕ. ನೋಡೋಕೆ ಬಂದ ಇಬ್ಬರು ತೀರ್ಪುಗಾರರು ನನ್ನ ಹತ್ತಿರ ಹತ್ತು ನಿಮಿಷ ಮಾತಾಡಿದರು. ಅವನ ಜೊತೆ ಎರಡು ಗಂಟೆ ಮಾಳಿಗೆ ಹತ್ತಿ ಕೂತಿದ್ದರು. ಒಬ್ಬರು ಸುತ್ತಿಗೆ ಇಸಿದುಕೊಂಡು ತಾವೂ ತಟ್ಟಿದರು. ಅವರಿಗೆ ಏನೂ ಕೇಳಿಸಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಆದರೆ ತಲೆ ಆಡಿಸಿದರು.

ಈಗ ಗೆರೆಗೆ 7,500. ತಿಂಗಳಿಗೆ ಮೂರು ನಾಲ್ಕು ಬರುತ್ತವೆ. ಗೆರೆ ಎಳೆಸಿದವರಲ್ಲಿ ಹತ್ತಕ್ಕೆ ಏಳು ಜನ ಕೆಲಸ ಕೊಡುತ್ತಾರೆ, ಆಮೇಲೆ ಬದಲಾವಣೆ ಎರಡು ಸಲ ದಾಟಿಲ್ಲ. ಮಳೆ ಬಂದರೆ ರಿಫಂಡ್ ಇಲ್ಲ, ಇನ್ನೊಂದು ದಿನ ಬರುತ್ತೇವೆ. ಸುಣ್ಣ ಒಂದು ಮೂಟೆ ಸಾಕು. ಗಾಳಿ ಇರುವ ದಿನ ಎಳೆಯಬೇಡಿ, ಕಣ್ಣಿಗೆ ಹೋಗುತ್ತದೆ.

ಪ್ರಶಸ್ತಿ ಸುದ್ದಿ ಆದ ಮೇಲೆ ನಮ್ಮೂರಲ್ಲೇ ಇನ್ನೊಬ್ಬರು ಇಂಜಿನಿಯರ್ ಸುಣ್ಣದ ಗೆರೆ ಶುರು ಮಾಡಿದ್ದಾರೆ. ಪುಕ್ಕಟೆ. ಮೇಡಂಗೆ ಗಾಬರಿ. ಹೋದ ವಾರ ಬಾಗೇಪಲ್ಲಿಯಿಂದ ಬರುವಾಗ ರಸ್ತೆ ಪಕ್ಕದಲ್ಲೇ ಅವರ ಸೈಟು ಕಂಡಿತು, ಗಾಡಿ ನಿಲ್ಲಿಸಿ ಇಳಿದೆವು. ಅಡಿಗೆಮನೆ, ಹಾಲು, ರೂಮು ಎಲ್ಲ ಬಿಡಿಸಿದ್ದರು, ಚೊಕ್ಕವಾಗಿತ್ತು. ಕಲ್ಲಿನವನು ಒಂದು ಸುತ್ತು ನಡೆದು ಬಂದು ನಕ್ಕ. ಗೋಡೆಗೆಲ್ಲ ಒಂದೊಂದೇ ಗೆರೆ ಎಳೆದಿದ್ದರು. ಒಂಬತ್ತು ಇಂಚಿನ ದಪ್ಪ ಎಲ್ಲೂ ಇಲ್ಲ. ಮನೆಯವರು ಆ ದೊಡ್ಡ ರೂಮುಗಳಲ್ಲಿ ಮಂಚ ಎಲ್ಲಿ, ಬೀರು ಎಲ್ಲಿ ಅಂತ ಖುಷಿಯಾಗಿ ಓಡಾಡುತ್ತಿದ್ದರು.